ಜರಡಿ ಪರೀಕ್ಷೆ

ಮಾರ್ಚ್ ೪, ಸೋಮವಾರ

ಇಂದಿನಿಂದ ನಾನು ಇತಿಹಾಸಕಾರ. ಕೇಳಿದರೆ ನಗು ಬರಬೇಕು. ಆಫೀಸಿನಲ್ಲಿ ಒಬ್ಬರೂ ನಗಲಿಲ್ಲ, ಅದೇ ನನಗೆ ಸರಿ ಕಾಣಲಿಲ್ಲ.

ಕಮಾಂಡರ್ ಸಾಹೇಬರು ಕರೆಸಿ ಕುರ್ಚಿ ತೋರಿಸಿದರು. ಈ ವಾಯುನೆಲೆಯ ಭದ್ರತಾ ಪೊಲೀಸ್ ಘಟಕಕ್ಕೆ ಸೇರಿ, ಗೇಟುಗಳಲ್ಲಿ ನಿಂತು ನಿಂತು ನನ್ನ ತಲೆ ಬೆಳ್ಳಗಾಗಿದೆ. ಈವರೆಗೆ ಯಾವ ಸಾಹೇಬರೂ ಕೂರು ಎಂದವರಲ್ಲ.

"ಮಂಡಿ ಹೇಗಿದೆ?" ಎಂದರು.

"ವಾಸಿ ಸರ್."

"ಆಪರೇಷನ್ ಆದ್ಮೇಲೆ ಗೇಟ್ ಡ್ಯೂಟಿ ಕಷ್ಟ. ಹೇಗೂ ಏಪ್ರಿಲ್ ಕೊನೇಲಿ ನಮ್ಮ ಘಟಕಾನೇ ಮುಚ್ತಾರೆ. ಇನ್ಮೇಲೆ ಗೇಟಿಗೆಲ್ಲ ಕ್ಯಾಮೆರಾ, ಕಂಪನಿ ಗಾರ್ಡುಗಳು. ಬೀಳ್ಕೊಡುಗೆ ದಿನ ಓದೋಕೆ ನಮ್ಮ ಇತಿಹಾಸ ಅಂತ ಒಂದು ಬೇಕು. ನೀವೇ ಬರೀರಿ. ನಿಮ್ಮಷ್ಟು ಹಳಬರು ಯಾರಿದ್ದಾರೆ?"

ಹಳಬರಿಗೇನು ಬರ? ಇನ್ನೂ ಹತ್ತಾರು ಜನರಿದ್ದಾರೆ. ನಾನೇ ಯಾಕೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ನನ್ನನ್ನು ಗೇಟಿನಿಂದ ಮೆಲ್ಲಗೆ ದೂರ ಸರಿಸಿದ್ದಾರೆ. ಯಾಕೆಂದು ನೋಡಬೇಕು.

ಇತಿಹಾಸ ಬರೆಯುವ ಹಾಳೆಗಳು ಬೇರೆ, ಈ ಡೈರಿ ಬೇರೆ. ಇದು ನನ್ನೊಬ್ಬನಿಗೆ. ಇದನ್ನು ಎಲ್ಲಿ ಅಡಗಿಸಿಡುತ್ತೇನೆ ಎಂಬುದನ್ನು ಇದರಲ್ಲೂ ಬರೆಯುವುದಿಲ್ಲ.

ಹೆಂಡತಿಗೆ ಹೇಳಿದೆ. "ಒಳ್ಳೇದಾಯ್ತು. ಇನ್ಮೇಲಾದ್ರೂ ಬೆಳಕಿರೋವಾಗ ನಿಮ್ಮ ಮುಖ ನೋಡ್ಬೋದು" ಎಂದಳು. ಆಮೇಲೆ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕೂತಳು. "ಒಂದು ಮಾತು ರೀ. ಮಗಳು ಮನೇಲಿದ್ದಾಗ ಅವಳ ಫ್ರೆಂಡ್ಸ್ ಬಂದ್ರೆ ಬಾಗಿಲಲ್ಲೇ ನಿಲ್ಸಿ ಅಪ್ಪನ ಹೆಸರು, ಅಜ್ಜನ ಹೆಸರು ಕೇಳ್ತಿದ್ರಿ. ಅವಳಿಗೋಸ್ಕರ ಸಹಿಸ್ಕೊಂಡೆ. ಈಗ ಮನೇಲಿ ನಾವಿಬ್ರೇ. ಆ ಗೇಟನ್ನ ಮನೆಗೆ ತಂದು ನಿಲ್ಸಿದ್ರೆ ನಾನು ಮಗಳ ಮನೆಗೆ ಹೋಗ್ಬಿಡ್ತೀನಿ. ತಮಾಷೆಗೆ ಹೇಳ್ತಿಲ್ಲ."

ತಮಾಷೆಯಲ್ಲ ಎಂದು ಮುಖವೇ ಹೇಳುತ್ತಿತ್ತು. ಆಯಿತು ಮಾರಾಯ್ತಿ ಎಂದೆ.

ಮಾರ್ಚ್ ೭, ಗುರುವಾರ

ನನಗೆ ಕೊಟ್ಟಿರುವ ಕೋಣೆ ನಾಯಿಗಳ ಗೂಡಿನ ಪಕ್ಕದ್ದು. ಗೋಡೆಯಾಚೆ ನಿವೃತ್ತ ನಾಯಿಗಳು ಗೊರಕೆ ಹೊಡೆಯುತ್ತವೆ. ಅವುಗಳನ್ನು ನೋಡಿಕೊಳ್ಳುವವನು ನನ್ನ ಹಳೆಯ ಗೆಳೆಯ. ಎಲ್ಲರೂ ಅವನನ್ನು ನಾಯಿಯವನು ಎಂದೇ ಕರೆಯುವುದು, ಅವನಿಗೇನೂ ಬೇಸರವಿಲ್ಲ. "ಮನುಷ್ಯರವನು ಅಂತ ಕರೆದ್ರೆ ಬೇಜಾರು ಮಾಡ್ಕೋತೀನಿ" ಎನ್ನುತ್ತಾನೆ.

ಮೊದಲ ಅಧ್ಯಾಯ ಅವನ ಬಾಯಿಂದಲೇ ಬಂತು. ಆರಂಭದಲ್ಲಿ ನಾವು ಪೊಲೀಸರೇ ಅಲ್ಲವಂತೆ. ಇಂಧನದ ಟ್ಯಾಂಕುಗಳ ಸುತ್ತ ಕೋಲು ಹಿಡಿದು ತಿರುಗುವ ಕಾವಲುಗಾರರು. ಒಬ್ಬೊಬ್ಬರಿಗೆ ಒಂದು ಸೀಟಿ. ಮೊದಲ ಕಳ್ಳತನದಲ್ಲಿ ಹೋದದ್ದೇ ಸೀಟಿಗಳ ಪೆಟ್ಟಿಗೆ. ಆಮೇಲೆ ಸಮವಸ್ತ್ರ ಬಂತು, ಬಂದೂಕು ಬಂತು, ನಾಯಿಗಳು ಬಂದವು. ಎಲ್ಲಕ್ಕಿಂತ ಕೊನೆಗೆ ಬುದ್ಧಿ ಬಂತು ಎಂದು ಅವನು ನಕ್ಕ. ಬುದ್ಧಿ ತಂದವರು ಜರಡಿ ಸಾಹೇಬರು.

ಆ ಕಥೆ ನಮ್ಮ ಘಟಕದ ಹೊಸಬರಿಗೂ ಬಾಯಿಪಾಠ. ಒಬ್ಬ ಕುಡುಕ ಸೈಕಲ್ ತುಳಿದುಕೊಂಡು ಮೂರೂ ಗೇಟು ದಾಟಿ ಬಂದು, ವಿಮಾನದ ರೆಕ್ಕೆಯ ನೆರಳಲ್ಲಿ ಸೈಕಲ್ಲಿಗೆ ಬೀಗ ಹಾಕಿ ಮಲಗಿಬಿಟ್ಟಿದ್ದ. ಬೀಗ ಹಾಕಿದ್ದು ಎಲ್ಲರಿಗೂ ಹೆಚ್ಚು ಅವಮಾನ. ಆಗ ಬಂದ ಹೊಸ ಅಧಿಕಾರಿಯೇ ಈ ಜರಡಿ ಪರೀಕ್ಷೆಯ ಪದ್ಧತಿ ತಂದರು, ಅದಕ್ಕೇ ಆ ಹೆಸರು. ಹೇಳದೆ ಕೇಳದೆ ನಮ್ಮವರನ್ನೇ ಸುಳ್ಳು ವೇಷದಲ್ಲಿ ಗೇಟಿಗೆ ಕಳುಹಿಸುವುದು. ನಲ್ಲಿ ರಿಪೇರಿಯವನು, ತುಂಬು ಬಸುರಿ, ಅಳುವ ಮುದುಕ. ಮರುಗಿ ಒಳಗೆ ಬಿಟ್ಟರೆ ಮುಗಿಯಿತು. ಊಟದ ಹಾಲಿನ ಹಲಗೆಯಲ್ಲಿ "ಜರಡಿಯಲ್ಲಿ ಉದುರಿದವರು" ಎಂಬ ಪಟ್ಟಿಗೆ ಹೆಸರು.

ನನ್ನ ಹೆಸರು ಆ ಹಲಗೆ ಕಂಡಿಲ್ಲ. ಇದನ್ನು ಇತಿಹಾಸದಲ್ಲಿ ಬರೆದರೆ ಜಂಭವಾಗುತ್ತದೆ. ಇಲ್ಲಿ ಬರೆಯಬಹುದು.

ಮಾರ್ಚ್ ೧೩, ಬುಧವಾರ

ಇಂದು ಬೇಗ ಮನೆಗೆ ಬಂದೆ. ಹೆಂಡತಿಯ ತಲೆಗೂದಲು ಒದ್ದೆಯಾಗಿತ್ತು.

ಬೆಳಿಗ್ಗೆ ಸ್ನಾನ ಆಗಿದೆ. ನಾನೇ ನೋಡಿದ್ದೇನೆ. ಮಧ್ಯಾಹ್ನ ನಾಲ್ಕಕ್ಕೆ ಮತ್ತೆ ಯಾಕೆ?

ಕೇಳಿದೆ. "ಈಜೋಕೆ ಹೋಗಿದ್ದೆ" ಎಂದಳು, ಉಪ್ಪು ತರೋಕೆ ಹೋಗಿದ್ದೆ ಎನ್ನುವಷ್ಟು ಸಲೀಸಾಗಿ. "ಹೋದ ತಿಂಗಳೇ ಹೇಳಿದ್ನಲ್ಲ ರೀ. ಸಾರ್ವಜನಿಕ ಈಜುಕೊಳದಲ್ಲಿ ಹೆಂಗಸರಿಗೆ ಕ್ಲಾಸ್ ಇದೆ, ಸೇರ್ಕೋತೀನಿ ಅಂತ. ನೀವು ಹೂಂ ಅಂದ್ರಿ."

ನಾನು ಹೂಂ ಎಂದ ನೆನಪಿಲ್ಲ. ಯಾರು ಏನು ಹೇಳಿದರೆಂಬುದನ್ನು ನೆನಪಿಟ್ಟುಕೊಳ್ಳುವುದೇ ನನ್ನ ಕಸುಬು. ಈ ವಯಸ್ಸಿನಲ್ಲಿ ಈಜು? ನಾವು ಸಮುದ್ರದ ದಡದಲ್ಲಿಲ್ಲ, ಹೊಳೆ ದಾಟಿ ಎಲ್ಲಿಗೂ ಹೋಗಬೇಕಾಗಿಲ್ಲ.

ಊಟ ಮಾಡುವಾಗ ಬೇರೆ ಮಾತಿನ ಮಧ್ಯೆ, "ನೀರು ತಣ್ಣಗಿತ್ತಾ?" ಎಂದು ಕೇಳಿದೆ. ಒಂದೇ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ಕೇಳುವುದು ಗೇಟಿನ ಪಾಠ. "ಬೆಚ್ಚಗಿತ್ತು" ಎಂದಳು. ತಡವರಿಸಲಿಲ್ಲ. ತಯಾರಾಗಿ ಬಂದವರು ತಡವರಿಸುವುದಿಲ್ಲ.

ಮಾರ್ಚ್ ೧೮, ಸೋಮವಾರ

ಕಂಬಣ್ಣನನ್ನು ಹುಡುಕಿಕೊಂಡು ಹೋದೆ. ನಮ್ಮ ಘಟಕದಲ್ಲಿ ಪದಕ ಪಡೆದ ಒಬ್ಬನೇ ಒಬ್ಬ ಸೆಂಟ್ರಿ. ನನಗೆ ಗೇಟಿನಲ್ಲಿ ನಿಲ್ಲಲು ಕಲಿಸಿದ ಗುರು. ಕಂಬದ ಹಾಗೆ ಅಲ್ಲಾಡದೆ ನಿಲ್ಲುತ್ತಿದ್ದ, ಅದಕ್ಕೇ ಆ ಹೆಸರು. ಇಂಧನದ ಪಂಪ್ ಹೌಸಿಗೆ ಬೆಂಕಿ ಬಿದ್ದ ದಿನವೂ ಒಳಗೇಟು ಬಿಟ್ಟು ಕದಲದವನು ಎಂದು ಪದಕದ ಪತ್ರದಲ್ಲಿದೆ. ಇತಿಹಾಸದಲ್ಲಿ ಆ ಅಧ್ಯಾಯವೇ ಕಳಶ.

ಈಗ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಬಾಗಿಲು ಹಾರುಹೊಡೆದಿತ್ತು. ನೋಡಿದರೆ ಚಿಲಕವೇ ಇಲ್ಲ, ಕಿತ್ತ ಗುರುತು ಮಾತ್ರ ಇದೆ. ನಾನು ಅಲ್ಲಿ ಕೂತಿದ್ದಷ್ಟು ಹೊತ್ತಿನಲ್ಲಿ ಕೆಳಗಿನ ಅಂಗಡಿಯವನು ನೀರು ಕುಡಿಯಲು ಬಂದ, ಪಕ್ಕದ ಮನೆಯಾಕೆ ಇಸ್ತ್ರಿಪೆಟ್ಟಿಗೆ ಒಯ್ದಳು, ಗುರುತೇ ಇಲ್ಲದವನೊಬ್ಬ ಬಂದು ಪಾಯಿಖಾನೆಗೆ ಹೋಗಿ ಬಂದ. ಕಂಬಣ್ಣ ಯಾರನ್ನೂ ಯಾಕೆಂದು ಕೇಳಲಿಲ್ಲ.

"ಏನಣ್ಣ ಇದು, ಛತ್ರ ಮಾಡ್ಬಿಟ್ಟಿದೀಯ?" ಎಂದೆ.

"ಬರ್ಲಿ ಬಿಡೋ" ಎಂದ.

ಬೆಂಕಿಯ ದಿನದ ವಿಷಯ ಎತ್ತಿದೆ. ಟೀ ಲೋಟ ತೊಳೆಯಲು ಎದ್ದು ಹೋದ. ತೊಳೆದ ಲೋಟವನ್ನೇ ಮತ್ತೆ ತೊಳೆದ. ಏನೋ ಮುಚ್ಚಿಡುತ್ತಿದ್ದಾನೆ. ಅಷ್ಟು ಹೆಸರು ಮಾಡಿದ ಕಾವಲುಗಾರ ಬಾಗಿಲು ತೆರೆದಿಡುತ್ತಾನೆಂದರೆ, ಒಳಗೆ ಏನೂ ಇಲ್ಲವೆಂದು ಊರಿಗೆಲ್ಲ ತೋರಿಸುತ್ತಿದ್ದಾನೆಂದೇ ಅರ್ಥ.

ಮಾರ್ಚ್ ೧೯, ಮಂಗಳವಾರ

ಇತಿಹಾಸದ ಹಾಳೆಗಳನ್ನು ನೀಲಿ ಚೀಲದಲ್ಲಿ ಮನೆಗೆ ತರುತ್ತೇನೆ. ಮೇಜಿನ ಡ್ರಾಯರಿನಲ್ಲಿಟ್ಟು, ಸಂದಿಯಲ್ಲಿ ಒಂದು ಬೆಂಕಿಕಡ್ಡಿ ಸಿಕ್ಕಿಸಿದ್ದೆ. ಸಂಜೆ ನೋಡಿದರೆ ಕಡ್ಡಿ ನೆಲದ ಮೇಲೆ.

"ಉಗುರು ಕತ್ತರಿಸೋದು ತಗೊಳ್ಳೋಕೆ ತೆಗ್ದೆ" ಎಂದಳು.

"ಯಾವ ಕೈ ಉಗುರು?"

ಎರಡೂ ಕೈ ಮುಂದೆ ಚಾಚಿದಳು. ಉಗುರು ಕತ್ತರಿಸಿದ್ದು ನಿಜವೇ. "ಕಾಲಿಂದೂ ನೋಡ್ತೀರಾ?" ಎಂದಳು.

ನೋಡಿದೆ.

ಮಾರ್ಚ್ ೨೩, ಶನಿವಾರ

ಅವಳ ಹಿಂದೆಯೇ ಹೋದೆ. ಮಂಡಿ ನೋಯುತ್ತಿತ್ತು, ಆದರೂ ಸಿಗ್ನಲ್ ಬಳಿ ತಪ್ಪಿಸಿಕೊಳ್ಳಲು ಬಿಡಲಿಲ್ಲ. ಈಜುಕೊಳಕ್ಕೇ ಹೋದಳು.

ಗಾಜಿನಾಚೆ ನಿಂತು ನೋಡಿದೆ. ಹಳದಿ ಟೋಪಿ ಹಾಕಿಕೊಂಡು, ಅಂಚಿನ ಕಂಬಿ ಹಿಡಿದುಕೊಂಡು, ಸಣ್ಣ ಹೆಣ್ಣುಮಕ್ಕಳ ಸಾಲಿನಲ್ಲಿ ಕಾಲು ಬಡಿಯುತ್ತಿದ್ದಳು. ಕಲಿಸುವವಳು ಏನೋ ಹೇಳಿದ್ದಕ್ಕೆ ಕೈ ಬಿಟ್ಟಳು, ಮುಳುಗಿದಳು, ಕೆಮ್ಮುತ್ತ ಎದ್ದಳು, ನಕ್ಕಳು. ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತು! ಒಂದು ಕ್ಷಣ ಒಳಗೆ ಹೋಗಿ ಕೂಗಿ ಕರೆಯಬೇಕು ಅನಿಸಿತು.

ಆಮೇಲೆ ಯೋಚನೆ ಬಂತು. ಅವಳು ಹೇಳಿದ್ದು ನಿಜವೇ ಆದರೆ ನನಗೆ ಈಜುಕೊಳ ತೋರಿಸಲು ಅವಳಿಗೆ ಇಷ್ಟು ಸುಲಭ ಹೇಗಾಯಿತು? ಹಿಂದೆ ಬರುತ್ತೇನೆಂದು ಗೊತ್ತಿತ್ತೇ? ಒಮ್ಮೆಯೂ ತಿರುಗಿ ನೋಡದೆ ನಡೆದಳು. ಏನೂ ಇಲ್ಲದವರು ಒಮ್ಮೆಯಾದರೂ ತಿರುಗಿ ನೋಡುತ್ತಾರೆ.

ಬೆಳ್ಳಗಿರುವುದೆಲ್ಲ ಹಾಲಲ್ಲ.

ಮಾರ್ಚ್ ೨೮, ಗುರುವಾರ

ಕಂಬಣ್ಣ ಬಾಯಿಬಿಟ್ಟ. ನಾನು ಒತ್ತಾಯವನ್ನೇನೂ ಮಾಡಲಿಲ್ಲ. ಹಾಳೆ ತೆಗೆದು ಪದಕದ ಅಧ್ಯಾಯ ಓದಿ ತೋರಿಸಿದೆ. ಕೊನೆಗೆ, "ಇದರಲ್ಲಿ ಆ ಡ್ರೈವರ್ ಇಲ್ವಲ್ಲೋ" ಎಂದ.

"ಯಾವ ಡ್ರೈವರ್?"

"ಪಂಪ್ ಹೌಸಿಂದ ಓಡ್ಬಂದವ್ನು. ಟ್ಯಾಂಕರ್ ಡ್ರೈವರ್. ಪಾಸ್ ಒಳಗೇ ಬಿಟ್ಟು ಬಂದಿದ್ದ. ಬೆಂಕಿ, ಒಳಗೆ ಒಬ್ರಿದಾರೆ, ಫೋನ್ ಮಾಡಿ, ಫೈರ್ ಇಂಜಿನ್‌ಗೆ ಗೇಟ್ ತೆಗೀರಿ, ಅಂತ ಬಾಯಿ ಬಡ್ಕೊಂಡ. ನಾನು ಅವನನ್ನ ನೆಲಕ್ಕೆ ಕೆಡವಿ, ಕೈ ಹಿಂದಕ್ಕೆ ಕಟ್ಟಿ, ಬೆನ್ನ ಮೇಲೆ ಮಂಡಿ ಊರಿ ಕೂತೆ. ಹಿಂದಿನ ವಾರ ತಾನೇ ಒಬ್ಬ ಬಸುರಿ ವೇಷದವಳನ್ನ ಬಿಟ್ಟು ಹಲಗೆ ಮೇಲೆ ಹೆಸರು ಬರೆಸ್ಕೊಂಡಿದ್ದೆ ನೋಡು. ಮತ್ತೆ ಉದುರ್ಬಾರ್ದು ಅಂತ ಹಟ."

"ನಿಯಮ ಹಾಗೇ ಇದೆಯಲ್ಲಣ್ಣ. ಪಾಸ್ ಇಲ್ದಿದ್ರೆ ಹಿಡೀಬೇಕು."

"ಹೊಗೆ ಕಾಣಿಸ್ತಿತ್ತು ಕಣೋ" ಎಂದ. "ಆ ಮರಗಳ ಮೇಲೆ ಕಪ್ಪು ಹೊಗೆ. ನಾನು ಅಂದ್ಕೊಂಡೆ, ಪರವಾಗಿಲ್ವೇ, ಈ ಸಲ ಜರಡಿ ಸಾಹೇಬ್ರು ಹೊಗೇನೂ ಹಾಕ್ಸಿದಾರೆ ಅಂತ."

ಒಳಗಿದ್ದ ಪಂಪಿನವನು ಬದುಕಲಿಲ್ಲ. ಕಂಬಣ್ಣನಿಗೆ ಪದಕ ಬಂತು. ಅವನು ಅದನ್ನು ತೆಗೆದುಕೊಂಡ ದಿನವೇ ಮನೆಯ ಚಿಲಕ ಕಿತ್ತನಂತೆ.

"ಇದನ್ನ ಬರಿ" ಎಂದ. "ಘಟಕ ಮುಚ್ಚೋಕೆ ಮುಂಚೆ ಯಾರಾದ್ರೂ ಒಂದ್ಸಲ ಜೋರಾಗಿ ಓದ್ಲಿ."

ನೋಡೋಣ ಎಂದು ಎದ್ದು ಬಂದೆ.

ಮಾರ್ಚ್ ೨೯, ಶುಕ್ರವಾರ

ಕೆಲಸವೇನೂ ಸಾಗಲಿಲ್ಲ. ಒಂದೇ ಯೋಚನೆ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಕಂಬಣ್ಣ ಈಗಲೇ ಯಾಕೆ ಹೇಳಿದ? ಅದೂ ನನಗೇ?

ಬೆಳಿಗ್ಗೆ ಕಮಾಂಡರ್ ಸಾಹೇಬರು ಬಾಗಿಲಲ್ಲಿ ಇಣುಕಿ, "ಕಂಬಣ್ಣ ಸಿಕ್ಕಿದ್ರಾ? ಏನಾದ್ರೂ ಹೇಳಿದ್ರಾ?" ಎಂದು ಕೇಳಿಹೋದರು. ನಾನು ಅಲ್ಲಿಗೆ ಹೋದದ್ದು ಅವರಿಗೆ ಹೇಗೆ ಗೊತ್ತು? ಬರಬರುತ್ತ ಎಲ್ಲ ಒಂದಕ್ಕೊಂದು ಕೂಡುತ್ತಿದೆ. ಇತಿಹಾಸ ಬರೆಯಿರಿ ಎಂದದ್ದೇ ಪರೀಕ್ಷೆ. ಘಟಕದ ಮಾನ ಕಳೆಯುವ ಮಾತೊಂದನ್ನು ಕೈಗಿಟ್ಟು, ಇವನು ಹೊರಗೆ ಬಿಡುತ್ತಾನೋ ಇಲ್ಲವೋ ನೋಡುತ್ತಿದ್ದಾರೆ. ಕಂಬಣ್ಣನ ಕಣ್ಣಲ್ಲಿ ನೀರೂ ಬಂದಿತ್ತು. ಜರಡಿ ಸಾಹೇಬರ ಕೈಯಲ್ಲಿ ಪಳಗಿದವನಿಗೆ ಕಣ್ಣೀರೇನು ದೊಡ್ಡದು?

ಆ ಅಧ್ಯಾಯ ಮೊದಲಿದ್ದಂತೆಯೇ ಇರುತ್ತದೆ. ಡ್ರೈವರನ ವಿಷಯ ಸೇರಿಸುವುದಾದರೆ, "ಪಾಸಿಲ್ಲದ ವ್ಯಕ್ತಿಯೊಬ್ಬನನ್ನು ಆ ಗದ್ದಲದಲ್ಲೂ ತಡೆಹಿಡಿದರು" ಎಂದು ಒಂದು ಸಾಲು ಸೇರಿಸುತ್ತೇನೆ. ಅದೂ ನಿಜವೇ ತಾನೆ.

ಏಪ್ರಿಲ್ ೩, ಬುಧವಾರ

ಹಾಳೆಗಳ ಮೇಲೆ ಯಾರಿಗೋ ಕಣ್ಣಿದೆ ಎಂದಾದರೆ, ಅವು ಇರುವ ಜಾಗ ನನ್ನ ಮನೆ. ಮನೆಯಲ್ಲಿ ದಿನವಿಡೀ ಇರುವವಳು ಹೆಂಡತಿ. ಯಾರಾದರೂ ಬಂದು ನಯವಾಗಿ ಕೇಳಿದರೆ ಚೀಲ ಕೊಟ್ಟುಬಿಡುತ್ತಾಳೋ ಏನೋ. ಅಥವಾ ಈಗಾಗಲೇ ಯಾರಿಗೋ ತೋರಿಸಿದ್ದಾಳೋ. ತಿಳಿಯಲು ಇರುವ ದಾರಿ ಒಂದೇ, ನಮ್ಮ ಘಟಕದ ದಾರಿ.

ನಾಯಿಯವನನ್ನು ಕೇಳಿದೆ. ನಾಯಿಯ ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದ. "ನಿನಗೆ ತಲೆ ನೆಟ್ಟಗಿದೆಯಾ? ಮನೆಯೇನು ಗೇಟಾ ಮಾರಾಯ?"

"ಒಂದು ಸಣ್ಣ ಪರೀಕ್ಷೆ ಅಷ್ಟೆ. ಅವಳಿಗೇನು ಹಲಗೆ ಮೇಲೆ ಹೆಸರು ಬರೀತೀವಾ?"

"ಆಯಮ್ಮ ನಂಗೆ ಎಷ್ಟು ಸಲ ಊಟ ಹಾಕಿದಾಳೆ. ನನ್ನ ಕೈಲಾಗಲ್ಲ. ನೀನೂ ಮಾಡ್ಬೇಡ. ಅತಿಯಾದ್ರೆ ಅಮೃತವೂ ವಿಷ ಕಣೋ."

ಅವನಿಗೆ ನಾನು ಹೇಳಬಾರದಿತ್ತು. ಇನ್ನು ಅವನ ಮೇಲೂ ಒಂದು ಕಣ್ಣಿಡಬೇಕು.

ಹಲ್ಲಿಯನ್ನು ಕೇಳಿದೆ. ಪರೀಕ್ಷೆಯ ವೇಷ ಹಾಕುವುದೇ ಅವನ ಕೆಲಸ. ಗೋಡೆಗೆ ಅಂಟಿಕೊಂಡು ಯಾರಿಗೂ ಕಾಣದಂತೆ ಇರುತ್ತಾನೆ, ಅದಕ್ಕೇ ಆ ಹೆಸರು. ಘಟಕ ಮುಚ್ಚಿದರೆ ಕೆಲಸವಿಲ್ಲವಲ್ಲ ಎಂದು ಬೇಸರದಲ್ಲಿದ್ದ. "ಕೊನೇ ವೇಷ ಅಂದ್ಕೋತೀನಿ ಸರ್" ಎಂದು ಒಪ್ಪಿದ.

ಏಪ್ರಿಲ್ ೫, ಶುಕ್ರವಾರ

ಪರೀಕ್ಷೆ ಇಂದು ನಡೆಯಿತು. ವರದಿಯ ಕ್ರಮದಲ್ಲೇ ಬರೆಯುತ್ತೇನೆ.

ಮಧ್ಯಾಹ್ನ ಊಟದ ಹೊತ್ತಿಗೆ ಹಲ್ಲಿ ನಮ್ಮ ಮನೆಯ ಬೆಲ್ ಒತ್ತಿದ. ನಾನು ಎದುರಿನ ಬಸ್ ನಿಲ್ದಾಣದ ಕಂಬದ ಹಿಂದಿದ್ದೆ. ಅವನು ಹೇಳಬೇಕಾದ ಮಾತು ಇಷ್ಟು: ನಿಮ್ಮವರು ಆಫೀಸಿನ ಮೆಟ್ಟಿಲಿಂದ ಬಿದ್ದಿದ್ದಾರೆ, ದೊಡ್ಡಾಸ್ಪತ್ರೆಗೆ ಸೇರಿಸಿದ್ದೇವೆ, ಸಾಹೇಬರು ನೀಲಿ ಚೀಲ ತರಲು ಕಳುಹಿಸಿದ್ದಾರೆ.

ಅವಳು ಒಳಗೆ ಹೋಗಿ ಚೀಲ ತಂದು ಅವನ ಕೈಗೆ ಕೊಟ್ಟಳು. ಕೊಟ್ಟಳೆಂದರೆ, ಅವನ ಮುಖವನ್ನೂ ನೋಡದೆ ಎದೆಗೆ ತುರುಕಿದಳು. ಗುರುತಿನ ಚೀಟಿ ಕೇಳಲಿಲ್ಲ. ಆಫೀಸಿಗೆ ಫೋನ್ ಮಾಡಿ ವಿಚಾರಿಸಲಿಲ್ಲ. ಯಾವ ಮೆಟ್ಟಿಲು ಎಂದು ಕೂಡ ಕೇಳಲಿಲ್ಲ.

ಮನೆಯ ಬಾಗಿಲು ತೆರೆದಂತೆಯೇ ಬಿಟ್ಟು ರಸ್ತೆಗೆ ಓಡಿ ಬಂದು ಟ್ಯಾಕ್ಸಿಗೆ ಅಡ್ಡ ನಿಂತಳು. ನನಗೆ ಇಷ್ಟು ಹತ್ತಿರದಲ್ಲಿ. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ಕೂಗಬೇಕು ಅನಿಸಿತು. ಆದರೆ ಪರೀಕ್ಷೆ ನಡೆಯುವಾಗ ನಡುವೆ ಬಾಯಿ ಹಾಕಬಾರದು, ಅದು ನಿಯಮ. ಚೀಲ ಕೈಸೇರಿದ ಮೇಲೆ ಫೋನ್ ಮಾಡಿ ಹೇಳಿದರಾಯಿತೆಂದು ಮೊದಲೇ ಯೋಚಿಸಿದ್ದೆ. ಮಾಡಿದೆ. ಮನೆಯೊಳಗೆ ಹೋದರೆ ಫೋನ್ ಅಡುಗೆಮನೆಯ ಕಟ್ಟೆಯ ಮೇಲೆ ರಿಂಗಾಗುತ್ತಿತ್ತು. ಬಿಟ್ಟು ಹೋಗಿದ್ದಳು. ಒಲೆಯನ್ನೂ ಆರಿಸಿರಲಿಲ್ಲ, ನಾನು ಆರಿಸಿದೆ.

ಫಲಿತಾಂಶ: ಫೇಲ್.

ಹಿಂದೆಯೇ ಆಸ್ಪತ್ರೆಗೆ ಹೋಗಬಹುದಿತ್ತು. ಮಂಡಿ ಕೈಕೊಟ್ಟಿತ್ತು. ಅಲ್ಲಿ ನಾನಿಲ್ಲವೆಂದು ಗೊತ್ತಾದ ಕೂಡಲೇ ವಾಪಸ್ ಬರುತ್ತಾಳೆಂದು ಟೀ ಮಾಡಿಕೊಂಡು ಕೂತೆ. ಸಂಜೆಯಾಯಿತು.

ಬಂದಳು. ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದಕ್ಕೆ ನನ್ನದು. ನನ್ನನ್ನು ಕಂಡದ್ದೇ ಓಡಿ ಬಂದು ನೆಲದ ಮೇಲೆ ಕೂತು ನನ್ನ ಮಂಡಿ ಮುಟ್ಟಿ ನೋಡಿದಳು. ತಲೆ ಮುಟ್ಟಿ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ನೀಲಿ ಚೀಲ ನೋಡಿದಳು.

"ಪರೀಕ್ಷೆನಾ?" ಎಂದಳು.

"ಹೂಂ. ನೀನು ಗುರುತಿನ ಚೀಟಿ ಕೇಳ್ಬೇಕಿತ್ತು ಕಣೇ. ಯಾರು ಬೇಕಾದ್ರೂ..."

"ಎರಡು ಆಸ್ಪತ್ರೆ ಸುತ್ತಿದೆ. ಎಲ್ಲಾ ವಾರ್ಡ್ ನೋಡಿದೆ. ಹೆಣ ಇಡೋ ಕೋಣೆ ಬಾಗಿಲಲ್ಲೂ ನಿಂತು ಕೇಳಿದೆ."

"ಮುಂದಿನ ಸಲ ಮೊದ್ಲು ಆಫೀಸಿಗೆ ಫೋನ್ ಮಾಡು" ಎಂದೆ.

"ಮುಂದಿನ ಸಲಾನಾ?" ಎಂದಳು. ಬಚ್ಚಲಿಗೆ ಹೋಗಿ ಬಹಳ ಹೊತ್ತು ಕಾಲು ತೊಳೆದಳು.

ಏಪ್ರಿಲ್ ೬, ಶನಿವಾರ

ತಟ್ಟೆಗೆ ಬಡಿಸಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೋಪ ಇಳಿಯುತ್ತದೆ. ಉದುರಿದವರು ಮೊದಲ ದಿನ ಹೀಗೇ ಇರುತ್ತಾರೆ.

ಏಪ್ರಿಲ್ ೭, ಭಾನುವಾರ

ಹೆಂಡತಿ ಮಗಳ ಮನೆಗೆ ಹೊರಟಳು. ಒಂದು ಸೂಟ್‌ಕೇಸ್. ಬಾಗಿಲ ಬಳಿ ಅದನ್ನು ನೆಲಕ್ಕಿಟ್ಟು ತೆರೆದು ಹಿಂದೆ ಸರಿದು ನಿಂತಳು. "ನೋಡ್ಕೊಳ್ಳಿ" ಎಂದಳು.

ಬೇಡ ಎನ್ನಬೇಕಿತ್ತು. ಅಭ್ಯಾಸಬಲ, ಕೈ ಹಾಕಿ ನೋಡಿಬಿಟ್ಟೆ. ಬಟ್ಟೆಗಳು, ಔಷಧಿ, ಮೇಲೆ ಹಳದಿ ಈಜು ಟೋಪಿ.

ಅವಳೇ ಮುಚ್ಚಿ ಬೀಗ ಹಾಕಿಕೊಂಡಳು. ಅಳುತ್ತಿರಲಿಲ್ಲ.

ಏಪ್ರಿಲ್ ೧೫, ಸೋಮವಾರ

ಡ್ರಾಯರಿನ ಕಡ್ಡಿ ಇಟ್ಟಲ್ಲೇ ಇದೆ. ಬಾಗಿಲ ಮುಂದಿನ ಕಾಲೊರಸು ಒಂದಿಂಚೂ ಸರಿದಿಲ್ಲ. ಮನೆ ಈಗ ಪೂರ್ತಿ ಸುರಕ್ಷಿತ.

ಮಗಳು ಫೋನ್ ಮಾಡಿದ್ದಳು. "ಅಪ್ಪಾ, ಕ್ಷಮೆ ಕೇಳಿ" ಎಂದಳು. ಯಾವ ತಪ್ಪಿಗೆ ಎಂದು ಕೇಳಿದೆ. ಅಮ್ಮ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಾಳಾ ಎಂದೂ ಕೇಳಿದೆ. ಇಟ್ಟಳು.

ಇತಿಹಾಸ ಮುಗಿಯಿತು. ಚೆನ್ನಾಗಿ ಬಂದಿದೆ. ಓದಿ ಹೇಳಲು ಮನೆಯಲ್ಲಿ ಯಾರೂ ಇಲ್ಲ. ಕೋಣೆಯಲ್ಲಿ ನಿಂತು ಗೋಡೆಗೆ ಓದಿದೆ.

ಏಪ್ರಿಲ್ ೨೮, ಭಾನುವಾರ, ದೊಡ್ಡಾಸ್ಪತ್ರೆ

ಬರೆಯಲು ಕಾಗದ ನರ್ಸಮ್ಮ ಕೊಟ್ಟದ್ದು.

ನಿನ್ನೆ ಬೀಳ್ಕೊಡುಗೆ. ಮೈದಾನದಲ್ಲಿ ಶಾಮಿಯಾನ, ಮುಂದಿನ ಸಾಲಿನಲ್ಲಿ ಕಂಬಣ್ಣ. ನಾನು ಮೈಕಿನ ಮುಂದೆ ನಿಂತು ಓದಿದೆ. ಸೀಟಿಗಳ ಪೆಟ್ಟಿಗೆಗೆ ನಕ್ಕರು, ಸೈಕಲ್ ಕುಡುಕನಿಗೆ ಬಿದ್ದು ಬಿದ್ದು ನಕ್ಕರು. ಬೆಂಕಿಯ ಅಧ್ಯಾಯಕ್ಕೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಕಂಬಣ್ಣನೂ ಎದ್ದ. ಎದ್ದವನು ತಿರುಗಿ ಹೊರಗೆ ನಡೆಯತೊಡಗಿದ.

ಎಲ್ಲಿಗೆ ಹೋಗುತ್ತಿದ್ದಾನೆ? ಯಾರಿಗೆ ಹೇಳಲು? ಹಾಳೆ ಅಲ್ಲೇ ಬಿಟ್ಟು ಅವನ ಹಿಂದೆ ಹೊರಟೆ. ವೇದಿಕೆಯ ಮೆಟ್ಟಿಲಲ್ಲಿ ಮಂಡಿ ಮಡಚಿಕೊಂಡು ಬಿದ್ದೆ. ಸೊಂಟದ ಮೂಳೆ ಮುರಿದಿದೆ. ನಾಳೆ ಬೆಳಿಗ್ಗೆ ಆಪರೇಷನ್. ಹೃದಯ ಅಷ್ಟು ಗಟ್ಟಿಯಿಲ್ಲ, ಮನೆಯವರು ಯಾರಾದರೂ ಬಂದು ಸಹಿ ಹಾಕಲಿ ಎಂದರು ಡಾಕ್ಟರ್.

ನಾಯಿಯವನು ನನ್ನ ಜೊತೆಯಲ್ಲೇ ಇದ್ದಾನೆ. ನನ್ನ ಹೆಂಡತಿಗೆ ಫೋನ್ ಮಾಡಿ ಬಂದ. ಮುಖ ಎತ್ತಲಿಲ್ಲ.

"ಏನಂದ್ಲು?"

"ಬಿಡು."

"ಹೇಳೋ."

"ಈ ಸಲ ನಾನು ಪಾಸಾದೆ ಅಂತ ಬರ್ಕೊಳ್ಳೋಕೆ ಹೇಳಿ, ಅಂದ್ರು."

ಅವನು ನಿಜವಾಗಿ ಫೋನ್ ಮಾಡಿದನೇ ಎಂಬ ಅನುಮಾನ ಬಂತು. ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನು ನಿನ್ನೆಯಿಂದ ಊಟ ಮಾಡಿಲ್ಲ. ನನ್ನ ಮೂತ್ರದ ಬಾಟಲಿ ತೊಳೆದು ತಂದವನು ಅವನೇ.

ಅದೇ ದಿನ, ಸಂಜೆ

ನನ್ನ ನಂಬರಿನಿಂದ ಮಾಡಿದರೆ ಎತ್ತುತ್ತಿಲ್ಲ. ನರ್ಸಮ್ಮನ ಫೋನ್ ಕೇಳಿ ಪಡೆದು ಮಾಡಿದೆ. ಎತ್ತಿದಳು.

"ನಾನು" ಎಂದೆ.

"ನಿಜವಾಗ್ಲೂ ಬಿದ್ದಿದೀನಿ ಕಣೇ. ಸೊಂಟ ಮುರ್ದಿದೆ. ನಾಳೆ ಆಪರೇಷನ್. ನರ್ಸ್ ಕೈಗೆ ಕೊಡ್ತೀನಿ, ಕೇಳು ಬೇಕಾದ್ರೆ."

"ಬೇಡ. ಅವತ್ತು ಬಂದಿದ್ದವನೂ ಎದೆ ಮೇಲೆ ಬ್ಯಾಡ್ಜ್ ಹಾಕ್ಕೊಂಡಿದ್ದ."

"ಇದು ನಿಜ ಕಣೇ."

"ಅವತ್ತೂ ನನಗೆ ನಿಜಾನೇ ಆಗಿತ್ತು ರೀ" ಎಂದಳು.

ಎಷ್ಟು ಜನರನ್ನು ಗೇಟಿನಲ್ಲಿ ನಿಲ್ಲಿಸಿ ಪುರಾವೆ ಕೊಡು ಎಂದಿದ್ದೇನೆ. ನನ್ನ ಹತ್ತಿರ ಒಂದೂ ಇರಲಿಲ್ಲ. ಸಹಿ ಹಾಕಲು ಬರಬೇಡ, ಸುಮ್ಮನೆ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗು ಎಂದು ಹೇಳಹೊರಟೆ. ಅಳು ಬಂತು. ಪಕ್ಕದ ಮಂಚದವರು ತಿರುಗಿ ನೋಡುವಷ್ಟು ಅತ್ತೆ. ಅಪ್ಪ ಸತ್ತಾಗಲೂ ಹೀಗೆ ಅತ್ತಿರಲಿಲ್ಲ.

ಅವಳು ಫೋನ್ ಇಡಲಿಲ್ಲ. ಪೂರ್ತಿ ಕೇಳಿಸಿಕೊಂಡಳು. ಅವಳ ಉಸಿರು ನನಗೆ ಕೇಳಿಸುತ್ತಿತ್ತು.

"ಅಳೋದೂ ಚೆನ್ನಾಗಿ ಬರುತ್ತೆ ನಿಮಗೆ" ಎಂದಳು.

ಆಮೇಲೆ ಇಟ್ಟಳು. ನರ್ಸಮ್ಮ ಫೋನ್ ಕೇಳಿದರು, ಕೊಟ್ಟೆ.